ಅರವತ್ತೊಂದರ ಗೂಟ

"ಅಲ್ಲಿ ಬೇಡ. ಇನ್ನೂ ಒಂದು ಗೇಣು ಕೆಳಗೆ," ಎಂದಳು ಗುನ್ವೋರ್.

ಸ್ಟೀನಾರ್ ಸೊಂಟ ಬಗ್ಗಿಸಿ, ಹಿಮದಲ್ಲಿ ಚುಚ್ಚಿದ್ದ ಸ್ಪ್ರೂಸ್ ಮರದ ಕುಡಿಯನ್ನು ಕಿತ್ತು ಕೆಳಗೆ ಚುಚ್ಚಿದ. "ಯಾವಾಗ ನೋಡಿದ್ರೂ ಒಂದು ಗೇಣು. ಯಾರ ಗೇಣು, ನಿಂದೋ ನಂದೋ?"

"ನಿಂದು ಗೇಣಲ್ಲ, ಮೊರ. ನಂದು."

ಮೇಲೆ ಬೆಳ್ಳನೆಯ ಆಕಾಶ, ಕೆಳಗೆ ಬೆಳ್ಳನೆಯ ಹಿಮ. ಇಂಥ ದಿನ ಕಾಲಿಗೆ ಸ್ಕೀ ಕಟ್ಟಿಕೊಂಡು ಮೇಲಿನಿಂದ ಹಾರಿ ಬರುವವರಿಗೆ ನೆಲ ಎಲ್ಲಿ ಶುರುವಾಗುತ್ತದೆಂದೇ ತಿಳಿಯುವುದಿಲ್ಲ. ಹಾಲಿನ ಪಾತ್ರೆಗೆ ಬಿದ್ದ ನೊಣದ ಪಾಡು. ಅದಕ್ಕೇ ಇಳಿಜಾರಿನ ಉದ್ದಕ್ಕೂ ಹಸಿರು ಕುಡಿಗಳನ್ನು ಅಡ್ಡಸಾಲಾಗಿ ನೆಡುವುದು. ಕಣ್ಣಿಗೆ ಹಿಡಿದುಕೊಳ್ಳಲು ಏನಾದರೂ ಬೇಕಲ್ಲ. ಬ್ರಾತ್‌ಲಿಯ ಹಾರುಗುಡ್ಡದಲ್ಲಿ ಆ ಕೆಲಸ ಗುನ್ವೋರಳದು. ಅವಳಿಗೆ ಎರಡು ಜಡೆ ಇದ್ದ ಕಾಲದಿಂದ ಅವಳದೇ.

"ಇವತ್ತು ಯಾಕೆ ತಾಯಿ ಇಷ್ಟು ನಾಜೂಕು?" ಎಂದ ಸ್ಟೀನಾರ್. "ಈಸ್ಟರ್ ಆದಮೇಲೆ ಇಲ್ಲಿ ಹಾರೋದು ಕಾಗೆಗಳು ಮಾತ್ರ. ಅವಕ್ಕೆ ಗೇಣಿನ ಲೆಕ್ಕ ಬೇಕಾಗಿಲ್ಲ."

ಗುನ್ವೋರ್ ಕಂಕುಳಲ್ಲಿದ್ದ ಕುಡಿಗಳ ಕಟ್ಟಿನಿಂದ ಇನ್ನೊಂದನ್ನು ಎಳೆದು ಅವನ ಕೈಗಿಟ್ಟಳು.

ಅವನು ಹೇಳಿದ್ದು ಸುಳ್ಳಲ್ಲ. ಹಿಂದಿನ ಶರತ್ಕಾಲದಲ್ಲಿ ಪಟ್ಟಣದಿಂದ ಬಂದ ಎಂಜಿನಿಯರು ಗುಡ್ಡದ ನೆತ್ತಿಯಲ್ಲಿ ಹಾರುವವರು ಜಾರಿ ಬರುವ ಮರದ ಅಟ್ಟಣೆಯನ್ನು ಹತ್ತಿ, ಒಂದು ಕಂಬಕ್ಕೆ ಸ್ಕ್ರೂಡ್ರೈವರ್ ಒತ್ತಿದ್ದ. ಅದು ಬೆಣ್ಣೆಗೆ ಹೋದಂತೆ ಹಿಡಿಯ ತನಕ ಹೋಯಿತು. ಅವನು ಅದನ್ನು ಹೊರಗೆಳೆದು ಒರೆಸಿ ಜೇಬಿಗಿಟ್ಟುಕೊಂಡ, ಅಲ್ಲಿಗೆ ತೀರ್ಮಾನವಾಯಿತು. ಇದೊಂದು ಕೊನೆಯ ಪಂದ್ಯ, ಹಗುರ ಮೈಯವರಿಗೆ ಮಾತ್ರ; ಆಮೇಲೆ ಅಟ್ಟಣೆ ಕೆಡವುವುದು. ಮಕ್ಕಳು ಬಸ್ಸಿನಲ್ಲಿ ಪಟ್ಟಣದ ಸಿಮೆಂಟಿನ ಗುಡ್ಡಕ್ಕೆ ಹೋಗಲಿ, ಅಲ್ಲಿ ಉದ್ದ ಅಳೆಯುವುದಕ್ಕೆ ಕ್ಯಾಮೆರಾ ಇದೆ. ಬಸ್ಸಿನ ಡ್ರೈವರ್ ಸ್ಟೀನಾರನೇ.

ಅಟ್ಟಣೆಗೆ ಮರ ಕೊಟ್ಟದ್ದು ಊರಿನ ಮರ ಕೊಯ್ಯುವ ಮಿಲ್ಲು. ಗುನ್ವೋರಳ ಅಪ್ಪನ ತಲೆಮಾರಿನ ಗಂಡಸರು ಭಾನುವಾರಗಳಲ್ಲಿ ಹೆಗಲ ಮೇಲೆ ಹೊತ್ತು ತಂದು ಕಟ್ಟಿದ್ದು. ಪಾದ್ರಿ ಮೊದಲು ಬೈದ, ಆಮೇಲೆ ನೋಡಲು ಬಂದ, ಕೊನೆಗೆ ಅವನಿಗೂ ಒಂದು ಸುತ್ತಿಗೆ ಕೊಟ್ಟರು. ಚಳಿಗಾಲದಲ್ಲಷ್ಟೇ ಅದು ಹಾರುಗುಡ್ಡ. ಬೇಸಿಗೆ ಬಂದರೆ ಇಳಿಜಾರಿನ ಹುಲ್ಲನ್ನು ಉದ್ದ ಕುಡುಗೋಲಿನಿಂದ ಕೊಯ್ದು ಒಣಗಿಸುತ್ತಿದ್ದರು, ಉಳಿದದ್ದು ಕುರಿಗಳಿಗೆ. ಕೆಳಗಿನ ಬಯಲಲ್ಲಿ ಫುಟ್‌ಬಾಲು, ಮಧ್ಯಬೇಸಿಗೆಯ ಹಬ್ಬದ ಬೆಂಕಿ, ಮದುವೆಯ ಕುಣಿತ. ತೀರ್ಪುಗಾರರು ಕೂರುವ ಮರದ ಗೂಡಿನಲ್ಲಿ ಬೇಸಿಗೆಯ ಸಂಜೆಗಳಲ್ಲಿ ಯಾವ ತೀರ್ಪುಗಾರರೂ ಇರುತ್ತಿರಲಿಲ್ಲ. ಕಣಿವೆಯ ಅರ್ಧ ಸಂಬಂಧಗಳು ಕುದುರಿದ್ದು ಅಲ್ಲೇ. ಈಗ ಅಟ್ಟಣೆಯ ಮರವನ್ನು ಬರುವ ಮಧ್ಯಬೇಸಿಗೆಯ ಬೆಂಕಿಗೆ ಹಾಕುವುದೆಂದು ಮಾತಾಗಿತ್ತು.

ಕುಡಿ ನೆಟ್ಟು ಮುಗಿಯುವ ಹೊತ್ತಿಗೆ ಸ್ಟೀನಾರನ ಮಗಳು ಇಂಗೆಲಿನ್ ಸ್ಕೀ ಹೊತ್ತುಕೊಂಡು ಬಂದಳು. ಹದಿನಾರರ ಹುಡುಗಿ, ಬಿದಿರಿನ ಗಳದ ಹಾಗೆ. ಬೆಳಗಿನ ತಿಂಡಿ ತಿಂದಿರಲಿಲ್ಲ, ಅದು ಮುಖದಲ್ಲೇ ಕಾಣುತ್ತಿತ್ತು.

"ಗುನ್ವೋರ್, ಇವತ್ತು ನಿನ್ನ ಹತ್ರ ಬರ್ತೀನಿ. ಕೈ ಎತ್ತೋಕೆ ರೆಡಿಯಾಗಿರು." ಆ ಕಣಿವೆಯಲ್ಲಿ ಪಾದ್ರಿಯನ್ನೂ ಹೆಸರು ಹಿಡಿದು ನೀನು ಎನ್ನುವವರು, ಮುದುಕಿಯನ್ನು ಬಿಡುತ್ತಾರೆಯೇ.

"ಬಾ. ನಾನೆಲ್ಲಿ ಹೋಗ್ತೀನಿ."

"ಹೇಳು, ಹಾರುವಾಗ ನನ್ನ ಎಡಗೈ ಮೇಲೇಳುತ್ತಾ? ಅಪ್ಪ ಏಳುತ್ತೆ ಅಂತಾನೆ, ಕೋಚು ಏಳಲ್ಲ ಅಂತಾನೆ."

"ನನ್ನ ಕೇಳಿದ್ರೆ ಹೇಗೆ ಮಗು? ನಾನು ನೋಡಿಲ್ಲ."

"ನೋಡಿಲ್ವಾ? ಪ್ರತಿ ಪಂದ್ಯದಲ್ಲೂ ಇಲ್ಲೇ ನಿಂತಿರ್ತೀಯ!"

"ನಿಂತಿರ್ತೀನಿ. ಅಳೆಯೋಕೆ ಗೂಟದ ಹತ್ರ ನಿಂತೋರು ಹಿಮ ನೋಡ್ಬೇಕು, ಮೇಲೆ ನೋಡೋ ಹಾಗಿಲ್ಲ."

"ಯಾರನ್ನೂ ನೋಡಿಲ್ವಾ? ಒಂದ್ಸಲಾನೂ?"

"ಟಿವಿಯಲ್ಲಿ ನೋಡ್ತೀನಲ್ಲ."

"ಅಯ್ಯೋ," ಎಂದಳು ಹುಡುಗಿ, "ಊರಿಗೆಲ್ಲ ಬಡಿಸಿ ತಾನು ಹಸಿದುಕೊಂಡು ಮಲಗಿದೋರ ಥರ." ಹಾಗೆಂದು ನಕ್ಕು, ಅಟ್ಟಣೆಯ ಮೆಟ್ಟಿಲಿನತ್ತ ಹೊರಟುಹೋದಳು.

ಗುನ್ವೋರ್ ನಗಲಿಲ್ಲ. ಆ ಮಾತು ಕೈಗೆ ಹತ್ತಿದ ಅಂಟಿನಂತೆ ಹತ್ತಿಕೊಂಡಿತು.

ಅವಳೂ ಹಾರಿದವಳೇ. ಅದು ಯುದ್ಧದ ಕಾಲ. ಪರದೇಶದ ಸೈನಿಕರು ನಾಡನ್ನು ಹಿಡಿದಿದ್ದರು. ಅವರ ಕೈಕೆಳಗೆ ಯಾವ ಪಂದ್ಯವನ್ನೂ ಆಡುವುದಿಲ್ಲವೆಂದು ನಾಡಿನ ಆಟಗಾರರೆಲ್ಲ ಹಠ ಹಿಡಿದಿದ್ದರು. ಬ್ರಾತ್‌ಲಿಯ ಗಂಡಸರೂ ಸ್ಕೀಗಳನ್ನು ಅಟ್ಟಕ್ಕೆ ಹಾಕಿದರು. ಕೆಳಗಿನ ಬಯಲಲ್ಲಿ ಆಲೂಗಡ್ಡೆ ಹಾಕಿದರು. ಗುಡ್ಡ ಬಿಕೋ ಎನ್ನುತ್ತಿತ್ತು. ದೊಡ್ಡವರ ಹಠ ದೊಡ್ಡವರಿಗೆ. ಮಕ್ಕಳನ್ನು ಯಾರು ಕೇಳಬೇಕು? ಅಣ್ಣನ ಸ್ಕೀಗಳನ್ನು ಹಗ್ಗದಿಂದ ಕಾಲಿಗೆ ಬಿಗಿದುಕೊಂಡು ಗುನ್ವೋರ್ ಹಾರಿದಳು. ಜೊತೆಗೆ ಅಂಗಡಿಯವರ ಮಗ ಎಂಬ್ರಿಕ್, ಇನ್ನೂ ಒಂದಷ್ಟು ಮಕ್ಕಳು. ಅಲ್ಲಿ ಹುಡುಗ ಹುಡುಗಿ ಎಂದು ವಿಂಗಡಿಸುವವರು ಇರಲಿಲ್ಲ, ಕುಡಿ ನೆಡುವವರೂ ಇರಲಿಲ್ಲ, ಅಳೆಯುವವರೂ ಇರಲಿಲ್ಲ. ಅಟ್ಟಣೆ ಮುಗಿಯುವಲ್ಲಿನ ಕಲ್ಲಿನ ಕಟ್ಟೆಯಿಂದ ಚಿಮ್ಮಿದ ಕೂಡಲೇ ಹೊಟ್ಟೆಯೊಳಗೆಲ್ಲ ಖಾಲಿಯಾಗುತ್ತಿತ್ತು. ಆ ಖಾಲಿ ಜಾಗಕ್ಕೆ ಇಡೀ ಕಣಿವೆಯೇ, ಚರ್ಚು, ನದಿ, ಮಿಲ್ಲಿನ ಹೊಗೆ ಸಮೇತ ಬಂದು ಕೂರುತ್ತಿತ್ತು.

ಯುದ್ಧ ಮುಗಿಯಿತು. ಊರು ಕುಣಿಯಿತು. ಮುಂದಿನ ಚಳಿಗಾಲ ಗುಡ್ಡಕ್ಕೆ ಬಾವುಟ ಏರಿತು, ನಿಯಮಗಳು ಬಂದವು. ಸ್ಕೀ ಹೊತ್ತು ಬಂದ ಗುನ್ವೋರಳನ್ನು ಮೆಟ್ಟಿಲ ಬುಡದಲ್ಲಿ ಗಂಡಸರು ತಡೆದರು. ಹೆಣ್ಣುಮಕ್ಕಳು ಹಾರಿದರೆ ಒಳಗಿನದೆಲ್ಲ ಅಲುಗಾಡಿ ಮುಂದೆ ಮಕ್ಕಳಾಗುವುದಿಲ್ಲವಂತೆ, ಯಾರೋ ಡಾಕ್ಟರು ಹೇಳಿದ್ದಾರಂತೆ.

"ಇಷ್ಟು ಚಳಿಗಾಲ ಹಾರಿದೀನಲ್ಲ?" ಎಂದಳು ಅವಳು.

"ಅದು ಯುದ್ಧದ ಕಾಲ," ಎಂದರು ಅವರು.

ಮುಂದೆ ಅವಳಿಗೆ ಗಟ್ಟಿಮುಟ್ಟಾದ ನಾಲ್ಕು ಮಕ್ಕಳಾದವು. ಅಷ್ಟು ಹೊತ್ತಿಗೆ ಆ ಡಾಕ್ಟರ ಹೆಸರು ಯಾರಿಗೂ ನೆನಪಿರಲಿಲ್ಲ.

ಆ ದಿನ ಬೇಲಿಗೆ ಮುಖ ಮಾಡಿ ಅಳುತ್ತ ನಿಂತಿದ್ದವಳನ್ನು ಕರೆದವನು ಮುದುಕ ಹೆರ್‌ಬ್ರಾಂಡ್. ಮಿಲ್ಲಿನಲ್ಲಿ ಎರಡು ಬೆರಳು ಕಳೆದುಕೊಂಡವನು, ಇಳಿಜಾರಿನ ಪಕ್ಕದಲ್ಲಿ ನಿಂತು ಉದ್ದ ಅಳೆಯುವವರಲ್ಲಿ ಹಿರಿಯ. ಇಳಿಜಾರಿನ ಅಂಚಿಗೆ ಮೀಟರಿಗೊಂದರಂತೆ ಸಂಖ್ಯೆ ಬರೆದ ಗೂಟಗಳಿರುತ್ತವೆ, ಒಬ್ಬೊಬ್ಬರಿಗೆ ಕೆಲವು ಗೂಟ. ಹಾರಿದವನ ಎರಡು ಪಾದಗಳ ನಡುಮಧ್ಯ ಎಲ್ಲಿ ಹಿಮ ಮುಟ್ಟಿತೋ ಆ ಗೂಟದ ಬಳಿ ನಿಂತು ಕೈ ಎತ್ತಬೇಕು. ಅವರು ಎತ್ತಿದ್ದೇ ಅಳತೆ.

"ಅಳಬೇಡ, ಇಲ್ಲಿ ಬಾ. ನಿನ್ನ ಕಣ್ಣು ಚುರುಕಾಗಿದೆ," ಎಂದ ಹೆರ್‌ಬ್ರಾಂಡ್. "ಒಂದು ಮಾತು ಮಾತ್ರ ನೆನಪಿಟ್ಕೋ. ಹಾರೋನ್ನ ನೋಡಬೇಡ. ನೋಡಿದ್ರೆ ನಿನ್ನ ಕಣ್ಣೂ ಅವನ ಜೊತೆ ಹಾರಿಬಿಡುತ್ತೆ, ಇಳಿದದ್ದು ಗೊತ್ತಾಗಲ್ಲ. ಹಿಮ ನೋಡ್ತಿರು. ಬರಬೇಕಾದೋನು ಅಲ್ಲಿಗೇ ಬರ್ತಾನೆ."

ಅವಳಿಗೆ ಸಿಕ್ಕಿದ್ದು ಎಲ್ಲಕ್ಕಿಂತ ಕೆಳಗಿನ ಗೂಟಗಳು. ಅಷ್ಟು ದೂರ ಬರುವವರು ಕಡಿಮೆ. ಅಲ್ಲಿ ಕೆಲಸಕ್ಕಿಂತ ಕಾಯುವುದೇ ಹೆಚ್ಚು.

ಗುನ್ವೋರ್ ಕಾಯುವುದನ್ನು ಕಲಿತಳು. ತಲೆಯ ಮೇಲೆ ಗಾಳಿ ಹರಿದಂಥ ಸದ್ದು, ಆಮೇಲೆ ಎರಡು ಹಲಗೆಗಳು ಒಟ್ಟಿಗೆ ಹಿಮಕ್ಕೆ ಬಡಿದ ಸದ್ದು. ಬಡಿದ ರೀತಿಯಲ್ಲೇ ಹಾರಿದವರು ಯಾರೆಂದು ಹೇಳಬಲ್ಲಳು. ಅವಳ ಗಂಡ ಆಂಟೊನ್, ದೇವರು ಅವನನ್ನು ತಣ್ಣಗಿಟ್ಟಿರಲಿ, ಡೈರಿಯ ಯಂತ್ರಗಳನ್ನು ಬಿಟ್ಟು ಬೇರೇನನ್ನೂ ನಂಬದವನು. "ಬೀಳ್ತಾರೇನೋ ಅಂತ ನೋಡೋಕೆ ಹೋಗ್ತೀರ, ಬೀಳದೇ ಇದ್ರೆ ಚಪ್ಪಾಳೆ ಹೊಡೀತೀರ. ಏನು ಜನವೋ," ಎನ್ನುತ್ತಿದ್ದ. ಆದರೂ ಪಂದ್ಯದ ದಿನ ಅವಳ ಬೂಟಿನೊಳಗೆ ಬೆಚ್ಚಗಿರಲೆಂದು ಹಳೆಯ ಪತ್ರಿಕೆ ಮಡಿಸಿ ತುರುಕಿಡುತ್ತಿದ್ದ.

ಆಂಟೊನ್ ಬರುವುದಕ್ಕೂ ಮೊದಲಿನ ಮಾತು. ಎಂಬ್ರಿಕ್ ಬೆಳೆದು ಕಣಿವೆಯ ಹೆಸರಾಂತ ಹಾರುಗಾರನಾಗಿದ್ದ. ಒಂದು ಫೆಬ್ರವರಿಯ ಮಧ್ಯಾಹ್ನ ತಲೆಯ ಮೇಲಿನ ಗಾಳಿಯ ಸದ್ದು ಎಂದಿಗಿಂತ ಉದ್ದವಾಯಿತು, ಆಮೇಲೆ ಗುನ್ವೋರಳ ಕಣ್ಣೆದುರೇ, ಅರವತ್ತೊಂದರ ಗೂಟದ ನೇರಕ್ಕೆ, ಎರಡು ಪಾದಗಳು ಹಿಮಕ್ಕೆ ಬಂದಿಳಿದವು. ಅವಳು ಕೈ ಎತ್ತಿದಳು. ಊರು ಕಿರುಚಿತು. ಆ ಗುಡ್ಡದಲ್ಲಿ ಅಷ್ಟು ದೂರ ಯಾರೂ ಬಂದಿರಲಿಲ್ಲ, ಆಮೇಲೂ ಬರಲಿಲ್ಲ.

ಸಂಜೆ ಕ್ಲಬ್ಬಿನ ಗುಡಿಸಲಲ್ಲಿ ಕಾಫಿ ಹಂಚುತ್ತಿದ್ದವಳ ಹತ್ತಿರ ಅವನು ಬಂದು ನಿಂತ. ಟೋಪಿ ಕೈಯಲ್ಲಿತ್ತು.

"ಗುನ್ವೋರ್, ಹೇಗಿತ್ತು?"

"ಅರವತ್ತೊಂದು."

"ಅದು ಗೊತ್ತು. ಹೇಗಿತ್ತು ಅಂತ ಕೇಳಿದೆ."

"ಅರವತ್ತೊಂದು ಅಂದೆನಲ್ಲ."

ಅವನು ಟೋಪಿಯನ್ನು ಒಂದು ಸುತ್ತು ತಿರುಗಿಸಿದ. ಅಕಾರ್ಡಿಯನ್ ಶುರುವಾಗಿತ್ತು. ಅವನು ಹೋಗಿ ಬೇರೆ ಯಾರನ್ನೋ ಕುಣಿತಕ್ಕೆ ಕರೆದ. ಮುಂದೆ ಅವರವರಿಗೆ ಅವರವರ ಮದುವೆ, ಅವರವರ ಸಂಸಾರ, ಅವರವರ ಸಾವುಗಳು. ಅವರ ನಡುವೆ ಏನೂ ನಡೆಯಲಿಲ್ಲ ಎಂದರೆ ಅದು ನಿಜವೇ. ಆದರೆ ನಡೆದದ್ದಕ್ಕೆ ವಯಸ್ಸಾಗುತ್ತದೆ, ನಡೆಯದೇ ಉಳಿದದ್ದಕ್ಕೆ ಆಗುವುದಿಲ್ಲ.

ಈಗ ಎಂಬ್ರಿಕ್ ತೋಳಿಗೆ ಕೆಂಪು ಪಟ್ಟಿ ಕಟ್ಟಿಕೊಂಡು, ತೀರ್ಪುಗಾರರ ಗೂಡಿನಲ್ಲಿ ಮೈಕು ಹಿಡಿದು ಕೂತಿದ್ದ. ಗುಡ್ಡದ ಯಜಮಾನಿಕೆ ಬಹಳ ಕಾಲದಿಂದ ಅವನದೇ. ಕ್ಲಬ್ಬಿನ ಗುಡಿಸಲಲ್ಲಿ ಒಂದು ಹಲಗೆ ಇದೆ. ಗುಡ್ಡದ ದಾಖಲೆಗಳನ್ನು ಅದರ ಮೇಲೆ ಸುಟ್ಟ ಅಕ್ಷರದಲ್ಲಿ ಬರೆದಿರುತ್ತಾರೆ. ಕೊನೆಯ ಸಾಲು ಎಂಬ್ರಿಕ್‌ನದು. ಅದರಲ್ಲಿ ಹೆಣ್ಣಿನ ಹೆಸರು ಒಂದೂ ಇಲ್ಲ. ಅಟ್ಟಣೆ ಕೆಡವಿದ ಮೇಲೆ ಹಲಗೆಯನ್ನು ಶಾಲೆಯ ಹಜಾರದಲ್ಲಿ ತೂಗುಹಾಕುವುದು, ಇನ್ನು ಅದಕ್ಕೆ ಯಾರೂ ಏನೂ ಸೇರಿಸುವ ಹಾಗಿಲ್ಲ. ಇಂಗೆಲಿನ್ ಬೆಳಿಗ್ಗೆ ತಿಂಡಿ ಬಿಟ್ಟದ್ದು ಸುಮ್ಮನೆ ಅಲ್ಲ.

ಮೊದಲ ಸುತ್ತಿನಲ್ಲಿ ಅವಳು ಐವತ್ತೇಳಕ್ಕೆ ಬಂದಳು. ಅದು ಸ್ಟೀನಾರನ ಗೂಟ. ಅಪ್ಪನೇ ಮಗಳಿಗೆ ಕೈ ಎತ್ತಿದ. ಎತ್ತಿದ ಕೈಯನ್ನು ಇಳಿಸುವುದನ್ನೇ ಮರೆತ.

"ಇಳಿಸೋ, ಬಸ್ಸಿಗೆ ಕೈ ತೋರಿಸ್ತಿದೀಯಾ?" ಎಂದು ಬಯಲಿನಿಂದ ಯಾರೋ ಕೂಗಿದರು.

ಮೈಕಿನಲ್ಲಿ ಎಂಬ್ರಿಕ್‌ನ ಧ್ವನಿ ಬಂತು: "ಐವತ್ತೇಳು. ಚೆನ್ನಾಗಿದೆ. ನಮ್ಮ ಕಾಲದಲ್ಲಿ ಸ್ಕೀ ಜೋಡಿಸಿಕೊಂಡು ಹಾರ್ತಿದ್ವಿ, ಈಗಿನವರು ಕಪ್ಪೆ ಥರ ಕಾಲು ಅಗಲಿಸ್ತಾರೆ. ಆದ್ರೂ ಕಪ್ಪೆ ದೂರ ಹೋಗುತ್ತೆ ಅನ್ನೋದನ್ನ ಒಪ್ಕೋಬೇಕು." ಜನ ನಕ್ಕರು.

ಎರಡನೆಯ ಸುತ್ತಿಗೆ ಗಾಳಿ ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ ಏಳತೊಡಗಿತು. ಹಾರುವವರನ್ನು ಅಂಗೈಯಲ್ಲಿ ಎತ್ತಿಕೊಳ್ಳುವಂಥ ಗಾಳಿ. ಎಲ್ಲರೂ ಒಂದೊಂದು ಗೂಟ ಮುಂದಕ್ಕೇ ಬಂದರು. ಇಂಗೆಲಿನ್ ಕೊನೆಯವಳು. ಗುನ್ವೋರ್ ಅರವತ್ತೊಂದರ ಗೂಟದ ಹತ್ತಿರ ಕಾಲು ಅಗಲಿಸಿ ನಿಂತು, ಹಿಮದ ಮೇಲೆ ಕಣ್ಣು ನೆಟ್ಟಳು. ಮೇಲೆ ಬಾವುಟ ಬೀಸಿದ ಸದ್ದು. ಹಲಗೆಗಳು ಅಟ್ಟಣೆಯ ಹಳಿಯಲ್ಲಿ ಜಾರಿ ಬರುವ ಸದ್ದು. ಕಟ್ಟೆಯಲ್ಲಿ ಒಂದು ಪಟ್. ಆಮೇಲೆ ಸದ್ದಿಲ್ಲ.

ಆಗ ಮೋಡ ಸರಿದು ಬಿಸಿಲು ಬಿತ್ತು. ಬೆಳಗಿನಿಂದ ಇರದ ಬಿಸಿಲು. ಹಿಮ ಒಮ್ಮೆಲೇ ಹೊಳೆಯಿತು, ಹಸಿರು ಕುಡಿಗಳಿಗೆಲ್ಲ ನೆರಳು ಬಂತು, ಆ ನೆರಳುಗಳ ಮೇಲೆ ಇನ್ನೊಂದು ನೆರಳು, ರೆಕ್ಕೆ ಬಿಚ್ಚಿದಂಥದ್ದು, ಸಾಲು ಸಾಲು ಕುಡಿಗಳನ್ನು ಸವರಿಕೊಂಡು ಗುನ್ವೋರಳ ಕಡೆಗೇ ಬಂತು.

ಅವಳು ತಲೆ ಎತ್ತಿದಳು.

ಮುಂದೆ ಏನಾಯಿತೆಂದರೆ, ಊರಿಗೆ ಕಂಡದ್ದು ಇಷ್ಟು: ಇಂಗೆಲಿನ್ ಅಪ್ಪನ ತಲೆಯ ಮಟ್ಟವನ್ನು ದಾಟಿ, ಅವನ ಗೂಟಗಳನ್ನೆಲ್ಲ ದಾಟಿ, ಕೆಳಗೆಲ್ಲೋ ಇಳಿದು, ತೋಳು ಬಿಚ್ಚಿ ಬಯಲಿಗೆ ಜಾರಿ ಬಂದು ನಿಂತು ಹಿಂತಿರುಗಿ ನೋಡಿದಳು. ಎಲ್ಲರೂ ಅಲ್ಲಿಗೇ ನೋಡಿದರು. ಕೆಳಗಿನ ಗೂಟಗಳ ಬಳಿ ಯಾವ ಕೈಯೂ ಎದ್ದಿರಲಿಲ್ಲ.

"ನನ್ನನ್ನ ದಾಟಿದ್ಲು!" ಸ್ಟೀನಾರ್ ಕೂಗಿದ. "ಗುನ್ವೋರ್! ಕೈ! ಕೈ ಎತ್ತು!"

ಗುನ್ವೋರ್ ಹಿಮ ನೋಡಿದಳು. ಗಟ್ಟಿಯಾಗಿ ತುಳಿದ ಹಿಮ, ಅದರ ಮೇಲೆ ಇಡೀ ದಿನ ಜಾರಿಹೋದವರ ಗೀರುಗಳು ಒಂದರ ಮೇಲೊಂದು. ಅದರಲ್ಲಿ ಹುಡುಗಿಯ ಗುರುತು ಯಾವುದೆಂದು ದೇವರಿಗೂ ತಿಳಿಯುವಂತಿರಲಿಲ್ಲ. ಅರವತ್ತೆರಡಕ್ಕೆ ಸರಿದು ಕೈ ಎತ್ತಿದ್ದರೆ ಯಾರೂ ಏಕೆಂದು ಕೇಳುತ್ತಿರಲಿಲ್ಲ. ಊರೇ ಕುಣಿಯುತ್ತಿತ್ತು. ಬಹುಶಃ ಅದು ನಿಜವೂ ಆಗಿರುತ್ತಿತ್ತು. ಅವಳ ಕೈ ಸೊಂಟದ ತನಕ ಬಂತು. ಅಷ್ಟಕ್ಕೇ ನಿಂತಿತು. ಕಣ್ಣು ಕಾಣದ್ದಕ್ಕೆ ಆ ಕೈ ಯಾವತ್ತೂ ಎದ್ದದ್ದಿಲ್ಲ, ಅದಕ್ಕೆ ಅಭ್ಯಾಸವಿರಲಿಲ್ಲ.

"ಕೆಳಗಿನ ಗೂಟ, ಉದ್ದ ಎಷ್ಟು?" ಮೈಕು ಕೇಳಿತು.

"ನಾನು ನೋಡಲಿಲ್ಲ," ಎಂದಳು ಗುನ್ವೋರ್. ಕೇಳಿಸಲಿಲ್ಲವೆಂದು ಎರಡನೆಯ ಸಲ ಹೇಳಬೇಕಾಯಿತು.

ಬಯಲಿನಲ್ಲಿ ಗುಸುಗುಸು ಎದ್ದಿತು. "ಎಂಬ್ರಿಕ್‌ನ ಗೂಟ ಕಾಯ್ತಾ ಇದಾಳೆ ಮುದುಕಿ," ಎಂದು ಯಾರೋ ಅಂದರು, ಯಾರೋ ನಕ್ಕರು. ಹಳೆಯ ಊರು, ಹಳೆಯ ಕಣ್ಣುಗಳು. ಟೋಪಿ ತಿರುಗಿಸಿದ್ದನ್ನು ಆ ದಿನ ನೋಡಿದವರು ಇನ್ನೂ ಇದ್ದರು.

ಸ್ಟೀನಾರ್ ಇಳಿಜಾರಿನ ಅಂಚಿನಲ್ಲಿ ಧಡಧಡ ಇಳಿದು ಬಂದ. ಮುಖ ಕೆಂಪಾಗಿತ್ತು. "ಇವಳನ್ನ ಒಬ್ಬಳನ್ನ ಅಳೆಯೋಕೆ ಆಗಲಿಲ್ವಾ ನಿಂಗೆ? ಇಷ್ಟು ಕಾಲ ಯಾರ್ಯಾರನ್ನೋ ಅಳೆದೆ. ಅವನ ಹೆಸರ ಮೇಲೆ ಇನ್ನೊಂದು ಹೆಸರು ಬರೋದು ನಿಂಗೆ ಬೇಕಿರಲಿಲ್ಲ, ಬಿಡು. ಹೇಳಿಬಿಡು ಹಾಗಂತ."

"ಹಾಗಲ್ಲ ಸ್ಟೀನಾರ್."

"ಮತ್ತೆ ಹೇಗೆ?"

ಅವಳು ಮತ್ತೆ ಹಿಮದ ಗೀರುಗಳತ್ತ ಬಗ್ಗಿದಳು.

"ಉದ್ದ ಸಿಕ್ಕಿಲ್ಲ," ಎಂದಿತು ಮೈಕು. "ನಿಯಮದ ಪ್ರಕಾರ ಹುಡುಗಿ ಇನ್ನೊಮ್ಮೆ ಹಾರಬಹುದು." ಆಮೇಲೆ ಎಂಬ್ರಿಕ್ ಮೈಕು ಆರಿಸುವುದನ್ನು ಮರೆತನೆಂದು ಕಾಣುತ್ತದೆ. ಪಕ್ಕದವರೊಡನೆ ಆಡಿದ ಮಾತು ಇಡೀ ಗುಡ್ಡಕ್ಕೆ ಕೇಳಿಸಿತು: "ನೋಡಲಿಲ್ವಂತಾ? ಗುನ್ವೋರ್ ನೋಡಲಿಲ್ವಂತಾ? ಮತ್ತೆ ಏನು ನೋಡ್ತಿದ್ಲು?"

ಇಂಗೆಲಿನ್ ಸ್ಕೀಗಳನ್ನು ಹೆಗಲಿಗೇರಿಸಿ, ಇಳಿಜಾರಿನ ಅಂಚಿನ ಮೆಟ್ಟಿಲು ಹತ್ತಿ ಬಂದಳು. ಗುನ್ವೋರಳ ಎದುರು ನಿಂತಳು. ಕಣ್ಣಲ್ಲಿ ನೀರು ತುಂಬಿತ್ತು, ಗಾಳಿಯದ್ದೋ ಸಿಟ್ಟಿನದ್ದೋ.

"ಅವರೆಲ್ಲ ಹೇಳ್ತಿರೋದು ನಿಜವಾ?"

"ಅಲ್ಲ."

"ಮತ್ತೆ ಯಾಕೆ ಕೈ ಎತ್ತಲಿಲ್ಲ? ನಿನ್ನ ಹತ್ರ ಬರ್ತೀನಿ ಅಂತ ಹೇಳಿದ್ದೆ ತಾನೆ?"

"ನಿನ್ನನ್ನೇ ನೋಡ್ತಿದ್ದೆ ಮಗು. ತಲೆ ಎತ್ತಿಬಿಟ್ಟೆ."

ಹುಡುಗಿಯ ಬಾಯಿ ಅರೆ ತೆರೆಯಿತು. ಹೆಗಲ ಮೇಲಿನ ಸ್ಕೀಗಳನ್ನು ಕೆಳಗಿಳಿಸಿ ಹಿಮಕ್ಕೆ ಊರಿದಳು. ಮೇಲೆ ಬಾವುಟ ಹಿಡಿದವನು ಬೇಗ ಬಾ ಎಂದು ಕೈ ಬೀಸುತ್ತಿದ್ದ. ಅವಳು ಅತ್ತ ನೋಡಲಿಲ್ಲ.

"ಹೇಗಿದ್ದೆ?" ಎಂದಳು ಮೆಲ್ಲಗೆ.

ಗುನ್ವೋರ್ ತಡವರಿಸಿದಳು. ಸಂಖ್ಯೆ ಬಿಟ್ಟು ಬೇರೇನನ್ನೂ ಆ ಜಾಗದಲ್ಲಿ ನಿಂತು ಅವಳು ಹೇಳಿದ್ದಿಲ್ಲ. "ನೀನು ಬರ್ತಾ ಇರಲಿಲ್ಲ," ಎಂದಳು. "ನಿಂತಿದ್ದೆ. ಮೇಲೆ, ಸುಮ್ಮನೆ, ಒರಗಿಕೊಂಡು. ಗಾಳಿಗೆ ಬೆನ್ನಿದ್ದ ಹಾಗೆ, ನೀನು ಅದಕ್ಕೆ ಎದೆ ಕೊಟ್ಟು ಒರಗಿದ ಹಾಗೆ. ಬೆಟ್ಟ ಮಾತ್ರ ನಿನ್ನ ಕೆಳಗೆ ಸರೀತಾ ಇತ್ತು. ನಿನ್ನ ಸ್ಕೀಗಳ ಅಡಿ ಕಂಡಿತು, ಎರಡೂ ಒದ್ದೆಯಾಗಿ ಹೊಳೀತಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಮಲಗಿದ ಮಕ್ಕಳದ್ದು ತೆರೆದಿರುತ್ತಲ್ಲ, ಹಾಗೆ."

"ಎಡಗೈ?"

"ಎಡಗೈ ಏಳುತ್ತೆ. ಸ್ವಲ್ಪ. ಯಾರನ್ನೋ ತಡಿ ಅನ್ನೋ ಹಾಗೆ."

ಇಂಗೆಲಿನ್ ತೋಳಿನಿಂದ ಮೂಗು ಒರೆಸಿಕೊಂಡಳು. "ಅಪ್ಪ ಹೇಳಿದ್ದೇ ಸರಿ ಹಾಗಾದ್ರೆ," ಎಂದಳು. ಸ್ಕೀಗಳನ್ನೆತ್ತಿಕೊಂಡು ಮತ್ತೆ ಹತ್ತಿದಳು.

ಬಿಸಿಲು ಹೋಗಿಬಿಟ್ಟಿತ್ತು. ಗಾಳಿಯೂ ಮಗ್ಗುಲು ಬದಲಿಸಿ ಮೇಲಿನಿಂದ ಬೀಸತೊಡಗಿತ್ತು. ಗುನ್ವೋರ್ ಈ ಸಲ ಗದ್ದವನ್ನು ಶಾಲಿನೊಳಗೆ ಸಿಕ್ಕಿಸಿ ನಿಂತಳು, ಬೇಕೆಂದರೂ ಏಳದ ಹಾಗೆ. ಹಳಿಯ ಸದ್ದು, ಕಟ್ಟೆಯ ಪಟ್, ಸದ್ದಿಲ್ಲದ ಒಂದಿಷ್ಟು ಹೊತ್ತು. ಎರಡು ಪಾದಗಳು ಬಂದಿಳಿದವು. ಅವಳು ಮೇಲಕ್ಕೆ ಎರಡು ಗೂಟ ನಡೆದು, ಐವತ್ತೊಂಬತ್ತರ ಬಳಿ ನಿಂತು ಕೈ ಎತ್ತಿದಳು.

ಮೈಕು, "ಐವತ್ತೊಂಬತ್ತು," ಎಂದಿತು.

ಪಂದ್ಯ ಗೆದ್ದವಳು ಇಂಗೆಲಿನ್ನೇ. ಚಪ್ಪಾಳೆಯೂ ಬಿತ್ತು. ಆದರೆ ಹಲಗೆಯ ಮೇಲೆ ಹೆಸರು ಬರಲಿಲ್ಲ. ಗುಡಿಸಲಲ್ಲಿ ದೋಸೆ ಕಾವಲಿಯಂಥ ಅಚ್ಚುಗಳಲ್ಲಿ ವಾಫಲ್ ಬೇಯುತ್ತಿತ್ತು, ಕಾಫಿಯ ಹಂಡೆ ಕುದಿಯುತ್ತಿತ್ತು, ಜನ ಗುನ್ವೋರಳಿಗೆ ದಾರಿ ಬಿಟ್ಟರು. ದಾರಿ ಬಿಡುವುದರಲ್ಲೂ ಹಲವು ಬಗೆಯಿದೆ. ಅವಳು ಬಾಗಿಲ ಬಳಿಯ ಬೆಂಚಿನಲ್ಲಿ ಕೂತಳು. ಇಂಗೆಲಿನ್ ಕಂದು ಚೀಸ್ ಹಾಕಿದ ವಾಫಲ್ ತಂದು ಅವಳ ಮಡಿಲಿಗಿಟ್ಟಳು.

"ಅಪ್ಪ ನಿನ್ನನ್ನ ಇನ್ನು ಬಸ್ಸಿಗೆ ಹತ್ತಿಸಲ್ವಂತೆ."

"ನಡೀತೀನಿ. ಕಾಲಿದೆ."

"ಮೊದಲನೇದು ಅರವತ್ತೊಂದು ದಾಟಿತ್ತಾ? ನಿನಗೇನನ್ಸುತ್ತೆ?"

"ಗೊತ್ತಿಲ್ಲ."

"ಅಂದಾಜು?"

"ಗೊತ್ತಿಲ್ಲ ಮಗು."

ಇಂಗೆಲಿನ್ ಗೋಡೆಯ ಹಲಗೆಯ ಕಡೆಗೊಮ್ಮೆ ನೋಡಿದಳು. ವಾಫಲಿನ ಒಂದು ಮೂಲೆ ಮುರಿದು ತಾನೂ ಬಾಯಿಗೆ ಹಾಕಿಕೊಂಡಳು, ಬೆಳಗಿನಿಂದ ಮೊದಲ ಬಾರಿಗೆ.

ಈಸ್ಟರ್ ಕಳೆಯಿತು. ಅಟ್ಟಣೆ ಕೆಡವುವವರು ಸೋಮವಾರ ಬರುವವರಿದ್ದರು. ಶನಿವಾರ ಮಧ್ಯಾಹ್ನ ಗುನ್ವೋರ್ ಒಬ್ಬಳೇ ಗುಡ್ಡಕ್ಕೆ ಹೋದಳು. ನೆಟ್ಟ ಕುಡಿಗಳನ್ನು ಹಿಮ ಕರಗುವ ಮೊದಲು ಕಿತ್ತು ತೆಗೆಯುವುದು ಪದ್ಧತಿ, ಇಲ್ಲದಿದ್ದರೆ ಬೇಸಿಗೆಯಲ್ಲಿ ಒಣಗಿದ ಸೂಜಿಯೆಲೆಗಳು ಕುರಿಗಳ ಬಾಯಿಗೆ ಚುಚ್ಚುತ್ತವೆ. ಈ ವರ್ಷ ಯಾರು ನೋಡುತ್ತಾರೆ, ಬಿಡು, ಎಂದು ಎಲ್ಲರೂ ಹೇಳಿದ್ದರು. ಕುರಿಗಳಿಗೆ ಈ ವರ್ಷವಾದರೇನು, ಇನ್ನೊಂದು ವರ್ಷವಾದರೇನು.

ಹಿಮ ಅಕ್ಕಿಯ ನುಚ್ಚಿನಂತಾಗಿತ್ತು. ಅದರಡಿಯಲ್ಲಿ ನೀರು ಹರಿಯುವ ಸದ್ದು. ಕುಡಿಗಳು ಕಂದಾಗಿದ್ದವು. ಅವಳು ಅರ್ಧ ಕಿತ್ತಿರುವಾಗ ಕೆಳಗಿನಿಂದ ಕೋಲೂರಿಕೊಂಡು ಎಂಬ್ರಿಕ್ ಬಂದ. ತೋಳಿಗೆ ಕೆಂಪು ಪಟ್ಟಿ ಇಲ್ಲದೆ ಅವನು ಯಾರೋ ಬೇರೆಯವನಂತೆ ಕಂಡ.

"ಸ್ಟೀನಾರ್ ಮಾತಾಡ್ತಾನಾ?"

"ಬಸ್ಸು ನಿಲ್ಲಿಸ್ತಾನೆ. ಮುಖ ಮಾತ್ರ ಆ ಕಡೆ."

"ಊರೆಲ್ಲ ನನ್ನನ್ನ ರೇಗಿಸ್ತಿದೆ. ನನ್ನ ಹೆಸರು ನೀನು ಉಳಿಸಿದೆ ಅಂತ."

"ಆ ಹೊತ್ತಲ್ಲಿ ನಿನ್ನ ಹೆಸರು ನಂಗೆ ನೆನಪೇ ಇರಲಿಲ್ಲ ಎಂಬ್ರಿಕ್."

"ಅದು ಗೊತ್ತು," ಎಂದ ಅವನು. "ಆ ಹುಡುಗಿ ಬಂದು ಹೇಳಿದ್ಲು. ನೀನು ಅವಳಿಗೆ ಹೇಳಿದ್ದನ್ನೆಲ್ಲ ಹೇಳಿದ್ಲು. ಬೆಟ್ಟ ಕೆಳಗೆ ಸರೀತಿತ್ತು ಅಂದೆಯಂತೆ." ಕೋಲಿನ ತುದಿಯಿಂದ ಒಂದು ಕುಡಿಯನ್ನು ಎಬ್ಬಿಸಿ, ಕಷ್ಟಪಟ್ಟು ಬಗ್ಗಿ ಎತ್ತಿ, ಅವಳ ತೋಳಿನ ಹೊರೆಗೆ ಸೇರಿಸಿದ. "ನಂದು?"

"ಏನು ನಿಂದು?"

"ಆವತ್ತು. ನಂದು ಹೇಗಿತ್ತು?"

ಗುನ್ವೋರ್ ಬೆನ್ನು ನೆಟ್ಟಗೆ ಮಾಡಿದಳು. "ನಾನು ನೋಡಲಿಲ್ಲ. ಹಿಮ ನೋಡ್ತಿದ್ದೆ. ನಿನ್ನ ಎರಡು ಪಾದ ಕಂಡಿತು. ಮೊಣಕಾಲಿನ ತನಕ."

ಅವನು ಅವಳನ್ನೇ ನೋಡಿದ. ಬಹಳ ಹೊತ್ತು ನೋಡಿದ.

"ನಾನು ಅಂದ್ಕೊಂಡಿದ್ದೆ," ಎಂದ, "ನೋಡಿಯೂ ಹೇಳೋಕೆ ನಿಂಗೇನೂ ಇರಲಿಲ್ಲ ಅಂತ."

"ಯಾಕೆ ಹಾಗಂದ್ಕೊಂಡೆ?"

"ಗುಡ್ಡದಲ್ಲಿ ಇದ್ದೋರೆಲ್ಲ ನೋಡ್ತಿದ್ರು. ನೀನು ಒಬ್ಬಳೇ ನೋಡ್ತಿಲ್ಲ ಅಂತ ನಂಗೆ ಹೇಗೆ ಗೊತ್ತಾಗ್ಬೇಕು?"

ನೀರು ಹರಿಯುತ್ತಿತ್ತು. ಅಟ್ಟಣೆಯ ತುದಿಯಿಂದ ಒಂದು ಕಾಗೆ ಎದ್ದು ಇನ್ನೊಂದು ಕಂಬಕ್ಕೆ ಹೋಗಿ ಕೂತಿತು.

"ಮೊಣಕಾಲು ಹೇಗಿತ್ತು ಹಾಗಾದ್ರೆ?" ಎಂದ ಎಂಬ್ರಿಕ್.

"ಪರವಾಗಿರಲಿಲ್ಲ."

ಅವನು ನಕ್ಕ. ನಗುತ್ತಲೇ ಇಳಿಜಾರಿನ ಅಂಚಿನ ಮೆಟ್ಟಿಲಿಗೆ ತಿರುಗಿದ.

"ಎಲ್ಲಿಗೆ?"

"ಸುಮ್ನೆ."

"ಮರ ಕೊಳೆತಿದೆ ಎಂಬ್ರಿಕ್."

"ಅಟ್ಟಣೆಗೆ ಹೋಗಲ್ಲ ಮಾರಾಯ್ತಿ. ಕಟ್ಟೆ ತನಕ. ಅದು ಕಲ್ಲಿಂದು, ನಮ್ಮಪ್ಪ ಕಟ್ಟಿದ್ದು."

ಗುನ್ವೋರ್ ಮತ್ತೆ ಬಗ್ಗಿದಳು, ಕಿತ್ತಳು. ಮೆಟ್ಟಿಲ ಮೇಲೆ ಕೋಲಿನ ಸದ್ದು ಒಂದೊಂದಾಗಿ ಮೇಲೇರುತ್ತಿತ್ತು, ನಡುವೆ ನಿಲ್ಲುತ್ತಿತ್ತು, ಮತ್ತೆ ಏರುತ್ತಿತ್ತು. ಆಮೇಲೆ ನಿಂತೇಹೋಯಿತು. ಅವಳು ಕೊನೆಯ ಸಾಲಿಗೆ ಬಂದಿದ್ದಳು. ಗೂಟಗಳನ್ನು ಇನ್ನೂ ಯಾರೂ ಕಿತ್ತಿರಲಿಲ್ಲ.

"ಗುನ್ವೋರ್!"

ಮೈಕಿಲ್ಲದ ಧ್ವನಿ, ಸಣ್ಣದು.

ಕಟ್ಟೆಯ ಅಂಚಿನಲ್ಲಿ ಅವನು ನಿಂತಿದ್ದ. ಕೋಲು ಪಕ್ಕದಲ್ಲಿ ಒರಗಿತ್ತು. ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ತೋಳನ್ನು ಹಳೆಯ ಕಾಲದ ಹಾರುಗಾರರಂತೆ ಮುಂದಕ್ಕೆ ಚಾಚಿ, ಸೊಂಟದಿಂದ ಬಾಗಿ, ಗದ್ದ ಮೇಲಕ್ಕೆತ್ತಿದ್ದ. ಕೋಟಿನ ಅಂಚು ಗಾಳಿಗೆ ಪಟಪಟ ಎನ್ನುತ್ತಿತ್ತು. ಅವನ ಹಿಂದೆ ಖಾಲಿ ಅಟ್ಟಣೆ, ಅದರ ಹಿಂದೆ ಆಕಾಶ.

ಗುನ್ವೋರ್ ತೋಳಿನ ತುಂಬ ಕಂದು ಕುಡಿಗಳನ್ನು ಹಿಡಿದುಕೊಂಡು ಅರವತ್ತೊಂದರ ಗೂಟದ ಹತ್ತಿರಕ್ಕೆ ಹೋದಳು. ಕಾಲು ಅಗಲಿಸಿ ನಿಂತಳು. ಶಾಲನ್ನು ಗದ್ದದಿಂದ ಕೆಳಗೆ ಸರಿಸಿ, ತಲೆ ಎತ್ತಿದಳು.